ಸಣ್ಣ ಎಂಜಿನ್, ದೊಡ್ಡ ಒತ್ತಡ

ಭಾರತದಲ್ಲಿ ಓಡಿದ ಸಣ್ಣ ಡೀಸೆಲ್ ಕಾರುಗಳ ಪೈಕಿ ಬಹಳಷ್ಟರಲ್ಲಿ ಬಾನೆಟ್ ಎತ್ತಿ ನೋಡಿದರೆ ಕಾಣುವುದು ಮೂಲತಃ ಒಂದೇ ಎಂಜಿನ್. ಇಟಲಿಯ ಫಿಯಟ್ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಜೊತೆಗೂಡಿ ರೂಪಿಸಿದ, 2003ರಲ್ಲಿ ಪೋಲೆಂಡಿನ ಕಾರ್ಖಾನೆಯಿಂದ ಹೊರಬಂದ ಈ ಎಂಜಿನ್‌ನ ಗಾತ್ರ 1248 ಘನ ಸೆಂಟಿಮೀಟರ್. ಫಿಯಟ್ ಅದನ್ನು ಮಲ್ಟಿಜೆಟ್ ಎಂದು ಕರೆಯಿತು, ಮಾರುತಿ ಸುಜುಕಿ ಡಿಡಿಐಎಸ್ ಎಂದಿತು, ಟಾಟಾ ಮೋಟಾರ್ಸ್ ಕ್ವಾಡ್ರಾಜೆಟ್ ಎಂದು ಹೆಸರಿಟ್ಟಿತು. ಗ್ಯಾರೇಜುಗಳಲ್ಲಿ ಮಾತ್ರ ಅದು 1.3 ಡೀಸೆಲ್ ಎಂದೇ ಉಳಿಯಿತು. ಪುಣೆ ಸಮೀಪದ ರಂಜನ್‌ಗಾಂವ್ ಮತ್ತು ಹರಿಯಾಣದ ಮಾನೇಸರ್‌ಗಳಲ್ಲಿ ತಯಾರಾಗುತ್ತಿದ್ದ ಈ ಎಂಜಿನ್ 2007ರಲ್ಲಿ ಸ್ವಿಫ್ಟ್ ಕಾರಿಗೆ ಬಂತು. ಅಲ್ಲಿಂದ ಮುಂದೆ ಡಿಸೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ವಿಟಾರಾ ಬ್ರೆಝಾ, ಇಂಡಿಕಾ ವಿಸ್ಟಾ, ಮಾಂಝಾ, ಪುಂಟೊ, ಲೀನಿಯಾ ಮುಂತಾದ ಕಾರುಗಳಿಗೂ ಹಬ್ಬಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂದಾಗ ಹೊಸ ಕಾರುಗಳಿಂದ ಅದು ಮರೆಯಾಯಿತು. ಆದರೆ ಅದಕ್ಕೂ ಮೊದಲು ಮಾರಾಟವಾದ ಕಾರುಗಳು ಕೈಯಿಂದ ಕೈಗೆ ದಾಟುತ್ತ ಜಿಲ್ಲಾ ಕೇಂದ್ರಗಳಲ್ಲೂ ಹಳ್ಳಿಗಳಲ್ಲೂ ಈಗಲೂ ಓಡುತ್ತಿವೆ.

ಇಂಥ ಕಾರು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಂಥ ಊರಿಗೆ ಬಂದಾಗ, ಅದರ ವಿನ್ಯಾಸಕರು ಮುಖ್ಯವಾಗಿ ಕಣ್ಣ ಮುಂದೆ ಇಟ್ಟುಕೊಂಡಿದ್ದ ತಂಪು ಹವೆಯ ಯುರೋಪಿಗಿಂತ ತೀರ ಬೇರೆಯಾದ ಪರಿಸರಕ್ಕೆ ಒಗ್ಗಬೇಕಾಗುತ್ತದೆ. ಸಿರಿಗೇರಿ, ತೆಕ್ಕಲಕೋಟೆ, ಕುರುಗೋಡು ಸುತ್ತಲಿನದು ಎರೆ ಭೂಮಿ. ತುಂಗಭದ್ರಾ ಕಾಲುವೆಯ ನೀರು ಹರಿಯುವಲ್ಲಿ ಭತ್ತ, ಉಳಿದೆಡೆ ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಒಣಗಿದ ಎರೆ ಮಣ್ಣಿನ ನುಣ್ಣನೆಯ ದೂಳು, ಸುಗ್ಗಿಯಲ್ಲಿ ಹಾರುವ ಹೊಟ್ಟು, ಕ್ಯಾನುಗಳಲ್ಲಿ ಹೊಲಕ್ಕೆ ಹೋಗುವ ಡೀಸೆಲ್, ಎ.ಸಿ.ಗಾಗಿ ನಿಂತಲ್ಲೇ ಗಂಟೆಗಟ್ಟಲೆ ಚಾಲೂ ಇರುವ ಎಂಜಿನ್ ಇವೆಲ್ಲ ಇಲ್ಲಿಯ ದಿನನಿತ್ಯದ ಸಂಗತಿಗಳು. ಈ ಎಂಜಿನ್‌ಗೆ ಬರುವ ಕಾಯಿಲೆಗಳಿಗೆ ಗ್ಯಾರೇಜಿನಲ್ಲಿ ಚೈನ್ ಸದ್ದು, ಟರ್ಬೊ ಹೋಗಿದೆ, ನಾಜಲ್ ಕೆಟ್ಟಿದೆ, ಇಜಿಆರ್ ಕಟ್ಟಿದೆ ಎಂದು ಹಲವು ಹೆಸರುಗಳಿದ್ದರೂ, ಅವುಗಳಲ್ಲಿ ಹೆಚ್ಚಿನವುಗಳ ಮೂಲ ಹುಡುಕುತ್ತ ಹೋದರೆ ಸಿಗುವುದು ಗಾಳಿ, ಆಯಿಲ್ ಮತ್ತು ಡೀಸೆಲ್ ಎಂಬ ಮೂರೇ ವಸ್ತುಗಳ ಶುದ್ಧತೆ. ಹೀಗೇಕೆ ಎಂಬುದು ಎಂಜಿನ್‌ನ ಅಳತೆಗಳಿಂದಲೇ ತಿಳಿಯುತ್ತದೆ.

ಅಳತೆಗಳ ಅರ್ಥ

ಈ ಎಂಜಿನ್‌ನಲ್ಲಿ ಸಾಲಾಗಿ ನಾಲ್ಕು ಸಿಲಿಂಡರುಗಳಿವೆ. ಪ್ರತಿ ಸಿಲಿಂಡರಿನ ಒಳವ್ಯಾಸ, ಅಂದರೆ ಬೋರ್, 69.6 ಮಿಲಿಮೀಟರ್, ಪಿಸ್ಟನ್ ಮೇಲಿನಿಂದ ಕೆಳಗೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 82 ಮಿಲಿಮೀಟರ್. ಈ ಎರಡು ಅಳತೆಗಳಿಂದ ಒಂದು ಸಿಲಿಂಡರಿಗೆ 312 ಘನ ಸೆಂಟಿಮೀಟರ್ ಗಾತ್ರ ಬರುತ್ತದೆ, ನಾಲ್ಕಕ್ಕೆ 1248. ಸ್ಟ್ರೋಕ್ ಬೋರ್‌ಗಿಂತ ಉದ್ದವಾಗಿರುವುದು ಕಡಿಮೆ ವೇಗದಲ್ಲಿ ಹೆಚ್ಚು ಎಳೆಯುವ ಎಂಜಿನ್‌ಗಳ ಲಕ್ಷಣ. ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲಿನ ಹೆಡ್ ಅಲ್ಯೂಮಿನಿಯಮಿನದು. ಪ್ರತಿ ಸಿಲಿಂಡರಿಗೆ ಗಾಳಿ ಒಳಬರಲು ಎರಡು, ಹೊಗೆ ಹೊರಹೋಗಲು ಎರಡು, ಹೀಗೆ ಒಟ್ಟು ಹದಿನಾರು ವಾಲ್ವುಗಳಿದ್ದು, ಅವನ್ನು ತೆರೆದು ಮುಚ್ಚಿಸುವ ಎರಡು ಕ್ಯಾಮ್‌ಶಾಫ್ಟುಗಳು ಹೆಡ್ಡಿನ ಮೇಲೆ ಕುಳಿತಿವೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಎಷ್ಟು ಬಿಗಿಯಾಗಿ ಒತ್ತುತ್ತದೆಂದರೆ, ಆ ಒತ್ತಡದಿಂದಲೇ ಗಾಳಿ ಕಾದು, ಅದರೊಳಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಒತ್ತುವ ಮೊದಲು ಮತ್ತು ಒತ್ತಿದ ನಂತರ ಗಾಳಿಗೆ ಇರುವ ಜಾಗಗಳ ಅನುಪಾತವೇ ಸಂಪೀಡನ ಅನುಪಾತ. ಈ ಎಂಜಿನ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಅದು 18ಕ್ಕೆ 1ರ ಆಸುಪಾಸಿನಲ್ಲಿದೆ. ಹೀಗೆ ಒತ್ತಿದಾಗ ಗಾಳಿಯ ಉಷ್ಣತೆ 500 ಡಿಗ್ರಿ ದಾಟುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ಇದರ ಅರ್ಧದಷ್ಟು ಬಿಸಿ ಸಾಕು. ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ನಡೆಸಿ ತೋರಿಸಿದ ತತ್ತ್ವ ಇದೇ.

ಸ್ವಿಫ್ಟ್ ಮತ್ತು ಡಿಸೈರ್ ಕಾರುಗಳಲ್ಲಿದ್ದ ಆವೃತ್ತಿ 4000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ವೇಗದಲ್ಲಿ, ಸುಮಾರು 75 ಅಶ್ವಶಕ್ತಿಯನ್ನೂ, 2000 ಆರ್‌ಪಿಎಂನಲ್ಲಿ 190 ನ್ಯೂಟನ್-ಮೀಟರ್ ಟಾರ್ಕನ್ನೂ ಕೊಡುತ್ತಿತ್ತು. ಟಾರ್ಕ್ ಎಂದರೆ ಎಂಜಿನ್ ತನ್ನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುವ ಬಲ; ಜನರು ಪಿಕಪ್ ಎನ್ನುವುದು ಹೆಚ್ಚಾಗಿ ಇದನ್ನೇ. ಇದರ ಮಹತ್ವ ತಿಳಿಯಲು 1998ರಲ್ಲಿ ಬಂದ ಟಾಟಾ ಇಂಡಿಕಾದ ಮೊದಲ ಡೀಸೆಲ್ ಎಂಜಿನ್‌ನೊಂದಿಗೆ ಹೋಲಿಸಿ ನೋಡಬಹುದು. ಟರ್ಬೊ ಇಲ್ಲದ ಆ ಎಂಜಿನ್‌ನ ಗಾತ್ರ 1405 ಘನ ಸೆಂಟಿಮೀಟರ್ ಇದ್ದರೂ ಟಾರ್ಕ್ ಸುಮಾರು 85 ನ್ಯೂಟನ್-ಮೀಟರ್ ಮಾತ್ರ. ಲೀಟರ್ ಗಾತ್ರಕ್ಕೆ ಲೆಕ್ಕ ಹಾಕಿದರೆ ಹಳೆಯದರಲ್ಲಿ 60, ಹೊಸದರಲ್ಲಿ 152. ಅಂದರೆ ಹತ್ತು ವರ್ಷದೊಳಗೆ ಅಷ್ಟೇ ಜಾಗದಿಂದ ಎರಡೂವರೆ ಪಟ್ಟು ಕೆಲಸ ತೆಗೆಯುವುದು ಸಾಧ್ಯವಾಯಿತು. ಪಿಸ್ಟನ್ನಿನ ತಲೆಯ ಮೇಲೆ, ಬೇರಿಂಗುಗಳ ಮೇಲೆ, ಅವುಗಳ ನಡುವಿನ ಆಯಿಲ್ ಪದರದ ಮೇಲೆ ಬೀಳುವ ಹೊರೆಯೂ ಅದರೊಂದಿಗೆ ಏರಿತು. ಹಳೆಯ ಎಂಜಿನ್‌ಗಳಲ್ಲಿ ಸಣ್ಣಪುಟ್ಟ ಅಲಕ್ಷ್ಯವನ್ನು ದಪ್ಪ ಲೋಹ ತಾಳಿಕೊಳ್ಳುತ್ತಿತ್ತು. ಹೊಸದರಲ್ಲಿ ಆ ತಾಳಿಕೆಯ ಭಾರವನ್ನು ಆಯಿಲ್ ಮತ್ತು ಫಿಲ್ಟರುಗಳು ಹೊತ್ತಿವೆ.

ಟರ್ಬೊ ಮಾಡುವ ಕೆಲಸ

ಈ ಎರಡೂವರೆ ಪಟ್ಟಿನ ಹೆಚ್ಚಳದಲ್ಲಿ ಟರ್ಬೊಚಾರ್ಜರಿನ ಪಾಲು ದೊಡ್ಡದು. ಹೆಚ್ಚು ಡೀಸೆಲ್ ಸುಡಬೇಕಾದರೆ ಹೆಚ್ಚು ಆಮ್ಲಜನಕ ಬೇಕು. ಸಿಲಿಂಡರಿನ ಗಾತ್ರ ಹಿಗ್ಗಿಸದೆ ಹೆಚ್ಚು ಆಮ್ಲಜನಕ ತುಂಬಿಸಲು ಇರುವ ದಾರಿಯೆಂದರೆ ಗಾಳಿಯನ್ನು ಮೊದಲೇ ಒತ್ತಿ ಒಳಗೆ ಕಳಿಸುವುದು. ಸೈಲೆನ್ಸರ್ ಕಡೆಗೆ ಹೊರಟ ಬಿಸಿ ಹೊಗೆ ದಾರಿಯಲ್ಲಿ ಒಂದು ಪುಟ್ಟ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ನೂಕುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲೇ ಈ ಕಲ್ಪನೆಗೆ ಪೇಟೆಂಟ್ ಪಡೆದಿದ್ದರೂ ಮಾರಾಟದ ಕಾರಿನ ಡೀಸೆಲ್ ಎಂಜಿನ್‌ಗೆ ಅದು ಬಂದದ್ದು 1978ರಲ್ಲಿ, ಮರ್ಸಿಡಿಸ್ 300 ಎಸ್‌ಡಿಯಲ್ಲಿ.

ಸಣ್ಣ ಕಾರಿನ ಟರ್ಬೊ ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದರೂ ಅದರ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿಗೆ ಏರಬಲ್ಲದು. ಟರ್ಬೈನಿನ ಕಡೆಯ ಹೊಗೆಯ ಬಿಸಿ 700 ಡಿಗ್ರಿಯನ್ನು ಮುಟ್ಟುತ್ತದೆ. ಈ ವೇಗದಲ್ಲಿ ಲೋಹಕ್ಕೆ ಲೋಹ ತಾಗದಂತೆ ದಂಡವನ್ನು ತೇಲಿಸಿ ಹಿಡಿಯುವುದು ಎಂಜಿನ್‌ನಿಂದ ಒತ್ತಡದಲ್ಲಿ ಬರುವ ಆಯಿಲ್‌ನ ತೆಳು ಪದರ ಮಾತ್ರ. ಬಳ್ಳಾರಿಯಿಂದ ಹೆದ್ದಾರಿಯಲ್ಲಿ ಜೋರಾಗಿ ಬಂದ ಕಾರನ್ನು ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಬಂದ್ ಮಾಡಿದರೆ ಆಯಿಲ್ ಹರಿವು ನಿಲ್ಲುತ್ತದೆ, ಟರ್ಬೈನಿನ ಬಿಸಿ ಮಾತ್ರ ದಂಡದ ಉದ್ದಕ್ಕೂ ಒಳಗೆ ಇಳಿಯುತ್ತದೆ. ಅಲ್ಲಿ ಉಳಿದ ಆಯಿಲ್ ಕರಕಲಾಗಿ ಬೇರಿಂಗಿನ ಕಿರಿದಾದ ದಾರಿಗಳನ್ನು ಕಟ್ಟುತ್ತದೆ. ಆದ್ದರಿಂದಲೇ ದೂರದಿಂದ ಬಂದ ಮೇಲೆ ಒಂದು ನಿಮಿಷ ಎಂಜಿನನ್ನು ನಿಧಾನ ವೇಗದಲ್ಲಿ ಓಡಲು ಬಿಡಬೇಕೆಂಬ ಸಲಹೆ ಹುಟ್ಟಿದ್ದು. ಊರು ಸಮೀಪಿಸುವಾಗ ಕೊನೆಯ ಒಂದೆರಡು ಕಿಲೋಮೀಟರನ್ನು ನಿಧಾನವಾಗಿ ಓಡಿಸಿದರೂ ಅದೇ ಫಲ ಸಿಗುತ್ತದೆ.

75 ಅಶ್ವಶಕ್ತಿಯ ಆವೃತ್ತಿಯ ಟರ್ಬೊದಲ್ಲಿ ಹೊಗೆ ಹರಿಯುವ ದಾರಿಯ ಅಗಲ ಬದಲಾಗುವುದಿಲ್ಲ. ಹೀಗಾಗಿ ಸುಮಾರು 1800–2000 ಆರ್‌ಪಿಎಂಗಿಂತ ಕೆಳಗೆ ಹೊಗೆಯ ರಭಸ ಸಾಲದೆ ಎಂಜಿನ್ ಮಂಕಾಗಿದ್ದು, ಅನಂತರ ಒಮ್ಮೆಲೇ ಎಳೆಯತೊಡಗುತ್ತದೆ. ಟರ್ಬೊ ಲ್ಯಾಗ್ ಎನ್ನಲಾಗುವ ಈ ತಡ ದೋಷವಲ್ಲ, ವಿನ್ಯಾಸದ ಗುಣ. ಆದರೆ ಅದನ್ನು ಮರೆಮಾಡಲು ಅರ್ಧ ಕ್ಲಚ್ಚಿನಲ್ಲೇ ಕಾರು ಓಡಿಸುವ ಅಭ್ಯಾಸ ಬೆಳೆದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಮೇಲಿನ ಗೇರಿನಲ್ಲಿ ಕಡಿಮೆ ವೇಗಕ್ಕೆ ಎಳೆಸಿದರೆ ಗಾಳಿ ಸಾಲದೆ ಮಸಿ ಹೆಚ್ಚುತ್ತದೆ. 90 ಅಶ್ವಶಕ್ತಿಯ ಆವೃತ್ತಿಯಲ್ಲಿ ಟರ್ಬೈನಿನ ಸುತ್ತ ವಾಲುವ ಎಲೆಗಳಿವೆ. ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ರಭಸದಿಂದ ಚಿಮ್ಮುವಂತೆ, ಈ ಎಲೆಗಳು ಕಡಿಮೆ ವೇಗದಲ್ಲಿ ದಾರಿಯನ್ನು ಕಿರಿದಾಗಿಸಿ ಹೊಗೆಯ ರಭಸ ಹೆಚ್ಚಿಸುತ್ತವೆ. ಅದರಿಂದ 1750 ಆರ್‌ಪಿಎಂಗೇ 200 ನ್ಯೂಟನ್-ಮೀಟರ್ ಟಾರ್ಕ್ ಸಿಗುತ್ತದೆ. ಆದರೆ ಮಸಿ ಕಟ್ಟಿಕೊಂಡು ಎಲೆಗಳು ಬಿಗಿಯಾದರೆ ಒತ್ತಡ ಮಿತಿ ಮೀರುತ್ತದೆ, ಇಲ್ಲವೇ ಏರುವುದೇ ಇಲ್ಲ. ಆಗ ಎಂಜಿನ್ನಿನ ಗಣಕ ಅಪಾಯ ತಪ್ಪಿಸಲು ಶಕ್ತಿಯನ್ನು ತಗ್ಗಿಸಿ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಬೆಳಗಿಸುತ್ತದೆ.

ಬಳ್ಳಾರಿ ಬೇಸಿಗೆಯ ಬಿಸಿ ಗಾಳಿಗೂ ಇಲ್ಲಿ ಪಾತ್ರವಿದೆ. ಒತ್ತಡ ಒಂದೇ ಇದ್ದಾಗ 42 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇ 7ರಷ್ಟು ವಿರಳ. ಅಷ್ಟರಮಟ್ಟಿಗೆ ಆಮ್ಲಜನಕವೂ ಕಡಿಮೆ. ಟರ್ಬೊ ಒತ್ತಿದ ಗಾಳಿ ಇನ್ನಷ್ಟು ಕಾಯುವುದರಿಂದ ಅದನ್ನು ತಣಿಸಲು ಹಲವು ಆವೃತ್ತಿಗಳಲ್ಲಿ ಇಂಟರ್‌ಕೂಲರ್ ಎಂಬ ಜಾಲರಿಯನ್ನು ಅಳವಡಿಸಲಾಗಿದೆ. ಇದರ ಹಾಗೂ ರೇಡಿಯೇಟರಿನ ಎಳೆಗಳ ನಡುವೆ ಹೊಟ್ಟು, ಹತ್ತಿಯ ನಾರು, ಕೆಸರು ಸೇರಿ ಗಾಳಿಯ ದಾರಿ ಕಟ್ಟಿದಾಗ, ಎಂಜಿನ್‌ನಲ್ಲಿ ಯಾವ ಭಾಗವೂ ಕೆಡದೆಯೇ ಪಿಕಪ್ ಕುಗ್ಗಿ ಬಿಸಿ ಏರುತ್ತದೆ.

1600 ಬಾರ್‌ನಲ್ಲಿ ಚಿಮ್ಮುವ ಡೀಸೆಲ್

ಎರಡನೆಯ ದೊಡ್ಡ ಬದಲಾವಣೆ ಡೀಸೆಲ್ ಚಿಮ್ಮಿಸುವ ವಿಧಾನದಲ್ಲಿ ಆಯಿತು. ಹಳೆಯ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಲ್ಲಿ ಒಂದು ಯಾಂತ್ರಿಕ ಪಂಪು ಸರದಿಯಂತೆ ಪ್ರತಿ ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುತ್ತದೆ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾಗಿ ಮೈಕೊ ಎಂದು ಪ್ರಸಿದ್ಧವಾಗಿದ್ದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ತಯಾರಿಸಿದ ಇಂಥ ಪಂಪುಗಳು ಕರ್ನಾಟಕದ ಹಳ್ಳಿಗಳಲ್ಲಿ ಚಿರಪರಿಚಿತ. ಕಾಮನ್ ರೈಲ್ ಎಂಬ ಹೊಸ ವಿಧಾನದಲ್ಲಿ ಪಂಪಿನ ಕೆಲಸ ಒತ್ತಡ ಏರಿಸುವುದಷ್ಟೇ. ಎಲ್ಲ ಸಿಲಿಂಡರುಗಳಿಗೂ ಸೇರಿದ ಒಂದು ದಪ್ಪ ಕೊಳವೆಯಲ್ಲಿ ಡೀಸೆಲ್ ಸದಾ ಅತಿ ಒತ್ತಡದಲ್ಲಿ ನಿಂತಿರುತ್ತದೆ. ಯಾವ ಇಂಜೆಕ್ಟರ್ ಯಾವ ಕ್ಷಣ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಎಂಜಿನ್ನಿನ ಗಣಕ ವಿದ್ಯುತ್ ಸಂಕೇತದಿಂದ ನಿರ್ಧರಿಸುತ್ತದೆ. ಫಿಯಟ್‌ನ ಸಂಶೋಧನಾ ಕೇಂದ್ರಗಳಲ್ಲಿ ಕಾರುಗಳಿಗಾಗಿ ಬೆಳೆದು ಬಾಷ್‌ನ ಕೈಯಲ್ಲಿ ಪಳಗಿದ ಈ ವಿಧಾನ 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಮಾರುಕಟ್ಟೆಗೆ ಬಂತು.

1.3 ಡೀಸೆಲ್‌ನ ಆವೃತ್ತಿಗಳಲ್ಲಿ ಈ ಒತ್ತಡದ ಗರಿಷ್ಠ ಮಟ್ಟ 1400ರಿಂದ 1600 ಬಾರ್. 1600 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1.6 ಟನ್ ಭಾರ. ಎಂಜಿನ್ 2000 ಆರ್‌ಪಿಎಂನಲ್ಲಿ ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ ಸೆಕೆಂಡಿಗೆ ಹದಿನಾರಕ್ಕೂ ಹೆಚ್ಚು ಸಲ ದಹನ ನಡೆಯುತ್ತದೆ, ಮಲ್ಟಿಜೆಟ್ ವಿಧಾನದಲ್ಲಿ ಒಂದೊಂದು ದಹನಕ್ಕೂ ಡೀಸೆಲನ್ನು ಐದು ಕಂತುಗಳವರೆಗೆ ಒಡೆದು ಚಿಮ್ಮಿಸಬಹುದು. ಮೊದಲ ಪುಟ್ಟ ಕಂತು ಸಿಲಿಂಡರಿನಲ್ಲಿ ಬೆಂಕಿಯನ್ನು ಮೆಲ್ಲಗೆ ಹೊತ್ತಿಸುವುದರಿಂದ ಮುಖ್ಯ ಕಂತು ಬಂದಾಗ ಒತ್ತಡ ಒಮ್ಮೆಲೇ ಏರುವುದಿಲ್ಲ, ಹಳೆಯ ಡೀಸೆಲ್ ಗಾಡಿಗಳ ಟಕಟಕ ಸದ್ದು ತಗ್ಗುತ್ತದೆ. ಕೊನೆಯ ಕಂತುಗಳು ಉಳಿದ ಮಸಿಯನ್ನು ಸುಡಲು ನೆರವಾಗುತ್ತವೆ.

ಇಷ್ಟು ನಿಖರವಾಗಿ ತೆರೆದು ಮುಚ್ಚುವ ಇಂಜೆಕ್ಟರಿನೊಳಗಿನ ಚಲಿಸುವ ಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗ. ಆ ಭಾಗಗಳಿಗೆ ಬೇರೆ ಆಯಿಲ್ ಇಲ್ಲ. ಅವುಗಳ ಮೂಲಕ ಹರಿಯುವ ಡೀಸೆಲೇ ಅವುಗಳಿಗೆ ಜಾರುವಿಕೆ ಕೊಡಬೇಕು. ನೀರು ಬೆರೆತ ಡೀಸೆಲ್‌ನಲ್ಲಿ ಆ ಗುಣ ಕುಗ್ಗುತ್ತದೆ, ತುಕ್ಕು ಹುಟ್ಟುತ್ತದೆ. ಸೀಮೆಎಣ್ಣೆ ಬೆರೆತರೂ ಜಾರುವಿಕೆ ಹೋಗುತ್ತದೆ. ಡೀಸೆಲ್ ತುಂಬಿದ ಕ್ಯಾನು ಅಥವಾ ಡ್ರಮ್ಮು ಅರ್ಧ ಖಾಲಿಯಾಗಿ ಹೊಲದಲ್ಲಿ ಉಳಿದಾಗ ಹಗಲಿನ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿಯ ತಂಪಿಗೆ ತೇವಾಂಶವಿರುವ ಗಾಳಿ ಒಳಬಂದು ಗೋಡೆಗಳ ಮೇಲೆ ಹನಿಯಾಗುತ್ತದೆ. ಭತ್ತದ ಗದ್ದೆಗಳ ನಡುವಿನ ಹವೆಯಲ್ಲಿ ಇದು ಇನ್ನೂ ಸುಲಭ. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳ ಸೇರುತ್ತದೆ, ಕ್ಯಾನನ್ನು ಪೂರ್ತಿ ಬಗ್ಗಿಸಿ ಸುರಿದಾಗ ಟ್ಯಾಂಕಿಗೆ ಇಳಿಯುತ್ತದೆ. ಹಳೆಯ ಟ್ರ್ಯಾಕ್ಟರು ಇದನ್ನು ಕೆಲಕಾಲ ಸಹಿಸಬಹುದು. ಅದೇ ಕ್ಯಾನಿನ ಡೀಸೆಲನ್ನು ಕಾಮನ್ ರೈಲ್ ಕಾರಿಗೆ ಸುರಿದರೆ ಪಂಪು ಮತ್ತು ನಾಲ್ಕೂ ಇಂಜೆಕ್ಟರುಗಳು ಅಪಾಯಕ್ಕೆ ಸಿಕ್ಕುತ್ತವೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ನಿಲ್ಲಲು ಜಾಗವಿದ್ದು, ಅದನ್ನು ಆಗಾಗ ಹೊರಬಿಡುವ ವ್ಯವಸ್ಥೆ ಇರುವುದು ಇದಕ್ಕಾಗಿಯೇ.

ಕೆಟ್ಟ ಇಂಜೆಕ್ಟರನ್ನು ಪತ್ತೆಹಚ್ಚಲು ಮೆಕ್ಯಾನಿಕ್‌ಗಳು ಅನುಸರಿಸುವ ಕ್ರಮ ಸರಳವೂ ವೈಜ್ಞಾನಿಕವೂ ಆಗಿದೆ. ಪ್ರತಿ ಇಂಜೆಕ್ಟರಿನಿಂದಲೂ ಸ್ವಲ್ಪ ಡೀಸೆಲ್ ಟ್ಯಾಂಕಿಗೆ ಮರಳುತ್ತದೆ. ಆ ನಾಲ್ಕು ರಿಟರ್ನ್ ದಾರಿಗಳಿಗೆ ತೆಳು ಪೈಪು ಸಿಕ್ಕಿಸಿ ನಾಲ್ಕು ಪಾರದರ್ಶಕ ಸೀಸೆಗಳಿಗೆ ಬಿಡುತ್ತಾರೆ. ಎಂಜಿನ್ ಕೆಲ ನಿಮಿಷ ಓಡಿದ ಮೇಲೆ ಮೂರು ಸೀಸೆಗಳಲ್ಲಿ ಬೆರಳಗಲ ಡೀಸೆಲ್ ನಿಂತು, ನಾಲ್ಕನೆಯದು ಅರ್ಧ ತುಂಬಿದ್ದರೆ, ಆ ಇಂಜೆಕ್ಟರಿನ ಒಳಭಾಗ ಸವೆದು ಒತ್ತಡ ಸೋರುತ್ತಿದೆಯೆಂದು ಅರ್ಥ. ಸ್ಟಾರ್ಟ್ ಮಾಡುವಾಗ ಎಂಜಿನ್ ಬಹಳ ಹೊತ್ತು ತಿರುಗಿಯೂ ಹೊತ್ತಿಕೊಳ್ಳದಿರುವುದು ಇದರ ಮೊದಲ ಸೂಚನೆಯಾಗಿರುತ್ತದೆ. ಇಂಜೆಕ್ಟರಿನ ಬುಡದಲ್ಲಿರುವ ತಾಮ್ರದ ವಾಷರ್ ಸೋರಿದಾಗ ಚಿಹ್ನೆ ಬೇರೆ: ಚುಸ್ ಚುಸ್ ಎಂಬ ಸದ್ದು, ಡೀಸೆಲ್ ಹೊಗೆಯ ವಾಸನೆ, ಇಂಜೆಕ್ಟರಿನ ಸುತ್ತ ಡಾಂಬರಿನಂತೆ ಗಟ್ಟಿಯಾದ ಕರಿ ಮಡ್ಡಿ. ಆರಂಭದಲ್ಲೇ ಗಮನಿಸಿದರೆ ಅಗ್ಗದ ವಾಷರ್ ಬದಲಿಸಿ ಮುಗಿಯುವ ಕೆಲಸ, ಬಿಟ್ಟರೆ ಇಂಜೆಕ್ಟರ್ ಹೆಡ್ಡಿಗೇ ಅಂಟಿ ಕೂರುವ ಮಟ್ಟಕ್ಕೆ ಬೆಳೆಯುತ್ತದೆ.

ಆಯಿಲ್ ಮತ್ತು ಟೈಮಿಂಗ್ ಚೈನ್

ಕ್ರ್ಯಾಂಕ್‌ಶಾಫ್ಟಿನ ಚಲನೆಗೆ ತಕ್ಕಂತೆ ಕ್ಯಾಮ್‌ಶಾಫ್ಟುಗಳು ತಿರುಗಬೇಕು. ಇಲ್ಲದಿದ್ದರೆ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ತೆರೆದಿದ್ದು ಒಂದಕ್ಕೊಂದು ಬಡಿಯುತ್ತವೆ. ಈ ಹೊಂದಾಣಿಕೆಗೆ ಹಲವು ಎಂಜಿನ್‌ಗಳಲ್ಲಿ ರಬ್ಬರ್ ಬೆಲ್ಟ್ ಇದ್ದರೆ, 1.3 ಡೀಸೆಲ್‌ನಲ್ಲಿ ಉಕ್ಕಿನ ಚೈನ್ ಇದೆ. ಬೆಲ್ಟನ್ನು ನಿಗದಿತ ಅವಧಿಗೆ ಬದಲಿಸಲೇಬೇಕು. ಚೈನ್‌ಗೆ ಅಂಥ ಅವಧಿ ಇಲ್ಲವೆಂಬುದು ಅದರ ಹೆಗ್ಗಳಿಕೆ. ಆದರೆ ಚೈನ್ ಶಾಶ್ವತವಲ್ಲ. ಅದರ ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆದರೂ ಒಟ್ಟು ಉದ್ದ ಹೆಚ್ಚುತ್ತದೆ. ಆ ಸಡಿಲವನ್ನು ಎಳೆದು ಹಿಡಿಯುವ ಟೆನ್ಷನರ್ ಕೆಲಸ ಮಾಡುವುದೂ ಆಯಿಲ್ ಒತ್ತಡದಿಂದಲೇ.

ಇಲ್ಲಿ ಆಯಿಲ್‌ನ ಪ್ರಮಾಣ ಮುಖ್ಯವಾಗುತ್ತದೆ. ಈ ಸಣ್ಣ ಎಂಜಿನ್‌ನಲ್ಲಿ ಇರುವುದು ಸುಮಾರು ಮೂರು ಲೀಟರ್ ಆಯಿಲ್. ಅಷ್ಟರಲ್ಲೇ ಅದು ಬೇರಿಂಗುಗಳನ್ನು ತೇಲಿಸಬೇಕು, ಟರ್ಬೊ ತಣಿಸಬೇಕು, ಚೈನ್ ಬಿಗಿಹಿಡಿಯಬೇಕು, ವಾಲ್ವುಗಳ ಸಂದನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳನ್ನು ತುಂಬಬೇಕು, ದಹನದ ಮಸಿಯನ್ನೂ ಹೊತ್ತು ತಿರುಗಬೇಕು. ಒಂದು ಲೀಟರ್ ಕಡಿಮೆಯಾದರೆ ಮೂರನೆಯ ಒಂದು ಭಾಗವೇ ಹೋದಂತೆ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ. ಬಣ್ಣ ನೋಡಿ ಅದರ ಆಯುಸ್ಸು ಅಳೆಯಲಾಗದು. ಮಸಿ ಮಿತಿ ಮೀರಿದಾಗ ಆಯಿಲ್ ಮಂದವಾಗಿ, ಮಸಿಯ ಕಣಗಳು ಚೈನಿನ ಪಿನ್ನುಗಳನ್ನು ಉಜ್ಜುತ್ತವೆ. ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕೆಂಬ ನಿಯಮದಲ್ಲಿ ನಿಂತಲ್ಲೇ ಓಡಿದ ಗಂಟೆಗಳ ಲೆಕ್ಕ ಸೇರಿಲ್ಲ. ಎ.ಸಿ. ಹಾಕಿಕೊಂಡು ಮಿಲ್ಲಿನ ಮುಂದೆ ಕಾಯುವ ಕಾರಿನ ಮೀಟರ್ ಮುಂದೆ ಹೋಗದಿದ್ದರೂ ಆಯಿಲ್ ಮುದಿಯಾಗುತ್ತಲೇ ಇರುತ್ತದೆ. ದೂಳು, ಬಿಸಿ ಹಾಗೂ ಇಂಥ ಕಾಯುವಿಕೆ ಸೇರಿರುವ ಕಡೆ ಅಂತರವನ್ನು ತಗ್ಗಿಸುವುದು ವಿವೇಕ.

ಚೈನ್ ಸಡಿಲವಾದಾಗ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಪಕ್ಕದಿಂದ ಕೆಲವು ಕ್ಷಣ ಗಲಗಲ ಸದ್ದು ಬರುತ್ತದೆ, ಆಯಿಲ್ ಒತ್ತಡ ಏರಿ ಟೆನ್ಷನರ್ ತುಂಬಿದೊಡನೆ ನಿಲ್ಲುತ್ತದೆ. ಸದ್ದು ನಿಂತಿತೆಂದು ಸುಮ್ಮನಾಗುವುದು ಅಪಾಯ. ಮುಂದೊಂದು ದಿನ ಚೈನ್ ಹಲ್ಲು ಜಿಗಿದರೆ ವಾಲ್ವುಗಳಿಗೂ ಪಿಸ್ಟನ್ನುಗಳಿಗೂ ಡಿಕ್ಕಿಯಾಗಿ, ಕ್ಯಾಮ್‌ಶಾಫ್ಟಿಗೂ ವಾಲ್ವುಗಳಿಗೂ ನಡುವಿನ ರಾಕರುಗಳು ಮುರಿಯುತ್ತವೆ, ವಾಲ್ವುಗಳು ಬಾಗುತ್ತವೆ. ಚೈನ್ ಮತ್ತು ಟೆನ್ಷನರ್ ಬದಲಿಸುವ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಎಂಜಿನ್ ಇಳಿಸುವ ಹಂತಕ್ಕೆ ಹೋಗುತ್ತದೆ.

ದೂಳಿನ ಲೆಕ್ಕ

ಟರ್ಬೊ ಒತ್ತಡ ಪೂರ್ತಿ ಏರಿದಾಗ, 2000 ಆರ್‌ಪಿಎಂನಲ್ಲಿ ಈ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಲೀಟರಿನಷ್ಟು ಗಾಳಿಯನ್ನು ಎಳೆಯುತ್ತದೆ. ಸುಗ್ಗಿಯಲ್ಲಿ ಭತ್ತದ ಲಾರಿಗಳ ಹಿಂದೆ ಎರೆ ಮಣ್ಣಿನ ರಸ್ತೆಯಲ್ಲಿ ಸಾಗುವ ಕಾರು ಈ ಗಾಳಿಯ ಜೊತೆಗೆ ಎಷ್ಟು ದೂಳನ್ನು ಎಳೆಯಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಏರ್ ಫಿಲ್ಟರಿನ ಮಡಿಕೆ ಕಾಗದ ಈ ದೂಳನ್ನು ತಡೆಯುತ್ತದೆ, ಕಟ್ಟಿಕೊಂಡಾಗ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ಕಂಪ್ರೆಸರಿನ ಜೋರು ಗಾಳಿ ಹೊಡೆಸಿ ಮತ್ತೆ ಮತ್ತೆ ಬಳಸುವ ರೂಢಿ ಬಹಳ ಕಡೆ ಇದೆ. ಆದರೆ ಆ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಕಟ್ಟಿಕೊಂಡ ಫಿಲ್ಟರ್ ಪಿಕಪ್ ಕಸಿಯುತ್ತದೆ ಅಷ್ಟೆ, ತೂತು ಬಿದ್ದದ್ದು ಎಂಜಿನ್ನಿನ ಆಯುಸ್ಸನ್ನೇ ಕಸಿಯುತ್ತದೆ.

ಫಿಲ್ಟರ್ ಚೆನ್ನಾಗಿದ್ದೂ ಅದರ ಮುಂದಿನ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲವಾಗಿದ್ದರೆ ಫಲ ಒಂದೇ. ಪೈಪು ಬಿಚ್ಚಿ ಒಳಗೆ ಬಿಳಿ ಬಟ್ಟೆಯಿಂದ ಒರೆಸಿದಾಗ ಆಯಿಲ್‌ನ ತೆಳು ಪಸೆ ಬಂದರೆ ಚಿಂತೆಯಿಲ್ಲ; ಬೂದಿ ಬಣ್ಣದ ದೂಳಿನ ಗೆರೆ ಬಂದರೆ ಗಾಳಿ ಎಲ್ಲೋ ಅಡ್ಡದಾರಿಯಲ್ಲಿ ನುಗ್ಗುತ್ತಿದೆ. ಈ ದೂಳು ಮೊದಲು ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಮೇಲೆ ಕೂತು ಗಣಕಕ್ಕೆ ತಪ್ಪು ಲೆಕ್ಕ ಕೊಡಿಸುತ್ತದೆ. ಅನಂತರ ಟರ್ಬೊದ ಕಂಪ್ರೆಸರ್ ಚಕ್ರದ ಅಂಚನ್ನು ಕೊರೆಯುತ್ತದೆ. ಕೊನೆಗೆ ಸಿಲಿಂಡರಿನ ಗೋಡೆ ಮತ್ತು ಪಿಸ್ಟನ್ ರಿಂಗುಗಳ ನಡುವೆ ಸೇರಿ ಉಜ್ಜುತ್ತದೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ.

ಮಸಿಯ ಮರಳುದಾರಿ

ದಹನದ ಉಷ್ಣತೆ ಅತಿಯಾದಾಗ ಗಾಳಿಯಲ್ಲಿನ ಸಾರಜನಕ ಮತ್ತು ಆಮ್ಲಜನಕ ಕೂಡಿ ವಿಷಕಾರಿ ಆಕ್ಸೈಡುಗಳಾಗುತ್ತವೆ. ಅದನ್ನು ತಗ್ಗಿಸಲು ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ತಿರುಗಿಸಿ, ಆಮ್ಲಜನಕ ಮತ್ತು ಬಿಸಿಯನ್ನು ಇಳಿಸುವ ಸಾಧನವೇ ಇಜಿಆರ್ ವಾಲ್ವ್. ಪರಿಸರಕ್ಕೆ ಇದರಿಂದ ಲಾಭವಿದೆ. ಎಂಜಿನ್‌ಗೆ ಮಾತ್ರ ತನ್ನ ಮಸಿಯನ್ನು ತಾನೇ ಉಸಿರಾಡುವ ಸ್ಥಿತಿ. ಹೊಗೆಯ ಒಣ ಮಸಿ ಮತ್ತು ಎಂಜಿನ್ನಿನ ಒಳಗಿನಿಂದ ಬರುವ ಆಯಿಲ್ ಆವಿ ಸೇರಿ ವಾಲ್ವಿನಲ್ಲೂ ಗಾಳಿಯ ಕೊಳವೆಗಳಲ್ಲೂ ಮೆತ್ತುತ್ತವೆ. ವಾಲ್ವ್ ಅರ್ಧ ತೆರೆದೇ ಅಂಟಿಕೊಂಡಾಗ ಎಂಜಿನ್ ನಿಧಾನ ವೇಗದಲ್ಲಿ ಅದುರುತ್ತದೆ, ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಊರೊಳಗೆ, ಹೊಲದ ದಾರಿಯಲ್ಲಿ ಕಡಿಮೆ ವೇಗದಲ್ಲೇ ಓಡುವ ಕಾರುಗಳಲ್ಲಿ ಇದು ಬೇಗ ಬರುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡಿದ ಕಾರುಗಳಲ್ಲಿ ನಿಧಾನ. ಇಜಿಆರ್ ದಾರಿಯನ್ನು ತಗಡಿನಿಂದ ಮುಚ್ಚಿಬಿಡುವ ಉಪಾಯ ಕೆಲವೆಡೆ ಚಾಲ್ತಿಯಲ್ಲಿದ್ದರೂ ಅದು ಮಾಲಿನ್ಯ ನಿಯಮಕ್ಕೆ ವಿರುದ್ಧ. ಬಿಚ್ಚಿ ತೊಳೆಯುವುದೇ ಸರಿಯಾದ ದಾರಿ.

ಹೊಗೆಯ ಬಣ್ಣ

ಸೈಲೆನ್ಸರಿನ ಹೊಗೆ ಈ ಎಲ್ಲ ವ್ಯವಸ್ಥೆಗಳ ಸ್ಥಿತಿಯನ್ನು ಒಟ್ಟಿಗೆ ಹೇಳುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಇಲ್ಲ: ಏರ್ ಫಿಲ್ಟರ್, ಟರ್ಬೊ ಪೈಪಿನ ಬಿರುಕು, ಇಜಿಆರ್, ಇಂಜೆಕ್ಟರ್ ಎಂಬ ಕ್ರಮದಲ್ಲಿ ಹುಡುಕಬೇಕು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ: ಟರ್ಬೊ ಸೋರಿರಬಹುದು, ರಿಂಗುಗಳು ಸವೆದಿರಬಹುದು. ನಿಲ್ಲದ ಬಿಳಿ ಹೊಗೆಗೆ ಸರಿಯಾಗಿ ಹೊತ್ತಿಕೊಳ್ಳದ ಡೀಸೆಲ್ ಅಥವಾ ಸಿಲಿಂಡರಿಗೆ ಸೇರುತ್ತಿರುವ ರೇಡಿಯೇಟರ್ ನೀರು ಕಾರಣ. ನೀಲಿ ಹೊಗೆಯನ್ನು ಅಲಕ್ಷಿಸುವುದು ವಿಶೇಷವಾಗಿ ಅಪಾಯಕಾರಿ. ಟರ್ಬೊದ ಸೀಲು ಪೂರ್ತಿ ಕೈಕೊಟ್ಟು ಆಯಿಲ್ ನೇರ ಸಿಲಿಂಡರಿಗೆ ಹರಿದರೆ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಸುಡುತ್ತ ಹುಚ್ಚು ವೇಗಕ್ಕೆ ಏರುತ್ತದೆ. ಆಗ ಕೀ ತೆಗೆದರೂ ನಿಲ್ಲುವುದಿಲ್ಲ, ಏಕೆಂದರೆ ಕೀ ನಿಲ್ಲಿಸುವುದು ಡೀಸೆಲ್ ಹರಿವನ್ನು ಮಾತ್ರ. ಬ್ರೇಕ್ ಗಟ್ಟಿಯಾಗಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನನ್ನು ಬಲವಂತವಾಗಿ ಆರಿಸುವುದು ಆ ಹೊತ್ತಿನ ಉಪಾಯ.

2020ರ ನಂತರ

2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣವನ್ನು ತೆಗೆದುಹಾಕಿದ ಮೇಲೆ ಪೆಟ್ರೋಲ್–ಡೀಸೆಲ್ ಬೆಲೆಗಳ ಅಂತರ ಕುಗ್ಗಿ, ಸಣ್ಣ ಡೀಸೆಲ್ ಕಾರಿನ ಆರ್ಥಿಕ ತರ್ಕ ಸಡಿಲವಾಗತೊಡಗಿತ್ತು. ಬಿಎಸ್-6 ನಿಯಮ ಡೀಸೆಲ್‌ನಲ್ಲಿನ ಗಂಧಕವನ್ನು ಬಿಎಸ್-4ರ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಸಿತು. ಜೊತೆಗೆ ಮಸಿಯನ್ನು ಹಿಡಿದು ಒಳಗೇ ಸುಡುವ ಫಿಲ್ಟರನ್ನು ಡೀಸೆಲ್ ಕಾರುಗಳಿಗೆ ಅನಿವಾರ್ಯ ಮಾಡಿತು. ಈ ಸಾಧನಗಳ ವೆಚ್ಚವನ್ನು ಸಣ್ಣ ಕಾರಿನ ಬೆಲೆ ಹೊರಲಾರದೆಂದು ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಹೀಗೆ 1.3 ಡೀಸೆಲ್ ಹಿಂದೆ ಸರಿದದ್ದು ಅದರ ಯಂತ್ರದೋಷದಿಂದಲ್ಲ.

ಇಂದು ಹಳೆಯ 1.3 ಡೀಸೆಲ್ ಕಾರು ಕೊಳ್ಳುವವರಿಗೆ ಈ ಅಧ್ಯಾಯದ ವಿಜ್ಞಾನ ಒಂದು ಪರೀಕ್ಷಾ ಕ್ರಮವನ್ನು ಒದಗಿಸುತ್ತದೆ. ಮೀಟರಿನ ಕಿಲೋಮೀಟರಿಗಿಂತ ಆಯಿಲ್ ಬದಲಿಸಿದ ದಾಖಲೆ ಹೆಚ್ಚು ಹೇಳುತ್ತದೆ. ಎರಡು ಲಕ್ಷ ಕಿಲೋಮೀಟರ್ ಓಡಿ ಸಕಾಲಕ್ಕೆ ಆಯಿಲ್ ಕಂಡ ಎಂಜಿನ್, ಒಂದು ಲಕ್ಷ ಓಡಿ ಆಯಿಲ್‌ಗೆ ಕಾದ ಎಂಜಿನ್‌ಗಿಂತ ಗಟ್ಟಿಯಾಗಿರಬಹುದು. ರಾತ್ರಿಯಿಡೀ ನಿಂತ ಕಾರನ್ನು ಮುಂಜಾನೆ ಮೊದಲ ಸಲ ಸ್ಟಾರ್ಟ್ ಮಾಡುವಾಗಿನ ಸದ್ದು ಕೇಳಬೇಕು, ಏರ್ ಫಿಲ್ಟರಿನ ಮುಂದಿನ ಪೈಪು ಬಿಚ್ಚಿ ನೋಡಬೇಕು, ಡೀಸೆಲ್ ಫಿಲ್ಟರಿನ ನೀರು ಬಿಟ್ಟು ನೋಡಬೇಕು. ಕೈಯಲ್ಲಿರುವ ಕಾರು ಎಳೆಯದಿದ್ದಾಗಲೂ ಹುಡುಕಾಟ ಇದೇ ದಾರಿಯಲ್ಲಿ, ಮೊದಲು ಗಾಳಿ, ಆಮೇಲೆ ಡೀಸೆಲ್, ಆಮೇಲೆ ಆಯಿಲ್, ಕೊನೆಗೆ ಲೋಹದ ಭಾಗಗಳು ಎಂಬ ಕ್ರಮದಲ್ಲಿ ನಡೆದರೆ, ಕೆಲವು ನೂರು ರೂಪಾಯಿಯ ಫಿಲ್ಟರಿನಲ್ಲಿ ಮುಗಿಯಬೇಕಾದ ದುರಸ್ತಿಗೆ ಟರ್ಬೊ ಬದಲಿಸುವ ಖರ್ಚು ಬೀಳುವುದು ತಪ್ಪುತ್ತದೆ.